ಅಪ್ಪನ ಹೆಸರಲ್ಲಿರೋ ಆರ್‌ಆರ್ ನಂಬರ್‌ಗೆ ತಾರಸಿ ಸೋಲಾರ್ ಪರ್ಮಿಷನ್ ತಗೊಳ್ಳೋದು ಹೇಗೆ?

ಕಲ್ಪತರು ನಾಡಿನವ:

ಎಲ್ಲರಿಗೂ ನಮಸ್ಕಾರ. ನಮ್ದು ತಿಪಟೂರು, ಟೌನ್ ಒಳಗೇ ಮನೆ. ಕೆಳಗೆ ನಾವಿದೀವಿ, ಮೇಲಿನ ಮನೆ ಬಾಡಿಗೆಗೆ ಕೊಟ್ಟಿದೀವಿ, ಎರಡಕ್ಕೂ ಬೇರೆ ಬೇರೆ ಮೀಟರ್. ತಾರಸಿ ಮೇಲೆ ಸೋಲಾರ್ ಹಾಕ್ಸೋಣ ಅಂತ ಮನೇಲಿ ಎಲ್ರೂ ಒಪ್ಪಿದಾರೆ, ಯಾಕಂದ್ರೆ ಒಂದು ಎಸಿ, ಗೀಸರ್, ಬೋರ್ ಮೋಟ್ರು ಎಲ್ಲಾ ಸೇರಿ ನಮ್ಮ ಕೆಳಗಿನ ಮನೇದೇ ತಿಂಗಳಿಗೆ 280, 300 ಯೂನಿಟ್ ಹೋಗ್ತಿದೆ, 200 ದಾಟಿದ ಮೇಲೆ ಗೃಹಜ್ಯೋತಿ ಇಲ್ಲ ಪೂರ್ತಿ ಬಿಲ್ಲು ನಾವೇ ಕಟ್ಬೇಕು.

ಈಗ ಪರ್ಮಿಷನ್ ವಿಷ್ಯಕ್ಕೆ ಬಂದ್ರೆ ಒಬ್ಬೊಬ್ರು ಒಂದೊಂದು ಹೇಳ್ತಾರೆ. ಒಬ್ಬ ಡೀಲರ್ ನಗರಸಭೆಯಿಂದ ಎನ್ಓಸಿ ಬೇಕು, ಮನೆ ಪ್ಲಾನ್ ಕಾಪಿ ಕೊಡಿ ಅಂದ. ಇನ್ನೊಬ್ಬ ಏನೂ ಬೇಡ ಸಾರ್, ಫೋನಿಗೆ ಬರೋ ಓಟಿಪಿ ಹೇಳಿ ಸಾಕು ಮಿಕ್ಕಿದ್ದೆಲ್ಲ ನಾವು ನೋಡ್ಕೋತೀವಿ, ಮೊದ್ಲು ಪ್ಯಾನೆಲ್ ಹಾಕ್ಬಿಡೋಣ ಆಮೇಲೆ ಪೇಪರ್ ಮಾಡೋಣ ಅಂತಾನೆ. 3 ಕಿಲೋವ್ಯಾಟ್‌ಗೆ 2 ಲಕ್ಷ 10 ಸಾವಿರ ಕೊಟೇಶನ್ ಕೊಟ್ಟಿದಾನೆ, ಅದ್ರಲ್ಲಿ 78 ಸಾವಿರ ಸಬ್ಸಿಡಿ ವಾಪಸ್ ಬರುತ್ತಂತೆ.

ನನ್ನ ದೊಡ್ಡ ತಲೆನೋವು ಏನಂದ್ರೆ ಆರ್‌ಆರ್ ನಂಬರ್ (ಬಿಲ್ಲಿನಲ್ಲಿರೋ ಕರೆಂಟ್ ಕನೆಕ್ಷನ್ ನಂಬರ್) ಇನ್ನೂ ನಮ್ಮಪ್ಪನ ಹೆಸರಲ್ಲೇ ಇದೆ. ಅಪ್ಪ ತೀರ್ಕೊಂಡು ಮೂರು ವರ್ಷ ಆಯ್ತು, ಮನೆ ಖಾತೆನೂ ಅವರ ಹೆಸರಲ್ಲೇ. ಅಮ್ಮ ಇದಾರೆ (68 ವರ್ಷ), ನಾನು, ಹಾಸನಕ್ಕೆ ಕೊಟ್ಟಿರೋ ಅಕ್ಕ, ಇಷ್ಟೇ ಜನ. ಹೆಸರು ಬದ್ಲಾಯಿಸದೇ ಅರ್ಜಿ ಹಾಕ್ಬಹುದಾ? ಸಬ್ಸಿಡಿ ಯಾರ ಅಕೌಂಟಿಗೆ ಬರುತ್ತೆ? ಇನ್ನೊಂದು, ನಮ್ ಭಾವನ ಕಡೆಯವರು ಬೆಂಗಳೂರಲ್ಲಿ ಸುಮಾರು ಹತ್ತು ವರ್ಷದ ಹಿಂದೆನೇ ಹಾಕ್ಸಿ ಪ್ರತೀ ತಿಂಗಳು ದುಡ್ಡು ತಗೋತಾರಂತೆ, ನಮಗೂ ಹಂಗೆ ಬರುತ್ತಾ? ಪಕ್ಕದ ಸೈಟಿನಲ್ಲಿ ನಾಲ್ಕೈದು ತೆಂಗಿನ ಮರ ಇದಾವೆ, ಅದ್ರ ನೆರಳು ಬೆಳಿಗ್ಗೆ ತಾರಸಿ ಮೇಲೆ ಬೀಳುತ್ತೆ, ಅದೂ ಒಂದು ಪ್ರಶ್ನೆ. ಗೊತ್ತಿರೋರು ದಯವಿಟ್ಟು ತಿಳಿಸಿ.

ನಿವೃತ್ತ ಪವರ್‌ಮ್ಯಾನ್:

ತಮ್ಮಾ, ಮೊದ್ಲು ಹೆಸರು ಬದ್ಲಾಯ್ಸು, ಆಮೇಲೆ ಉಳಿದಿದ್ದು. ಪ್ಯಾನೆಲ್ ಮೊದ್ಲು ಪೇಪರ್ ಆಮೇಲೆ ಅನ್ನೋನ ಮಾತು ಕೇಳ್ಲೇಬೇಡ.

ಯಾಕೆ ಅಂತ ಹೇಳ್ತೀನಿ. ಪಿಎಂ ಸೂರ್ಯಘರ್ (ತಾರಸಿ ಸೋಲಾರ್‌ಗೆ ಕೇಂದ್ರ ಸರ್ಕಾರ ಸಬ್ಸಿಡಿ ಕೊಡೋ ಯೋಜನೆ) ಪೋರ್ಟಲ್‌ನಲ್ಲಿ ಅರ್ಜಿ ಶುರುವಾಗೋದೇ ಕರೆಂಟ್ ಬಿಲ್ಲಿನ ಅಕೌಂಟ್ ಐಡಿ ಇಂದ. ಐಡಿ ಹಾಕಿದ ತಕ್ಷಣ ಬೆಸ್ಕಾಂ ದಾಖಲೇಲಿ ಏನ್ ಹೆಸರಿದೆಯೋ ಅದೇ ಬಂದು ಕೂತ್ಕೊಳ್ಳುತ್ತೆ. ಕೊನೇಲಿ ಸಬ್ಸಿಡಿ ಕೊಡ್ಬೇಕಾದ್ರೆ ಬ್ಯಾಂಕ್ ಪಾಸ್‌ಬುಕ್ ಹೆಸರು, ಬಿಲ್ಲಿನ ಹೆಸರು ಎರಡೂ ತಾಳೆ ಆಗ್ಬೇಕು. ನಿಮ್ಮಪ್ಪನ ಹೆಸರಲ್ಲಿ ಈಗ ಬ್ಯಾಂಕ್ ಅಕೌಂಟ್ ಇಲ್ಲ, ಇದ್ರೂ ನಡಿಯಲ್ಲ. ಅಗ್ರಿಮೆಂಟಿಗೆ ಸಹಿ ಹಾಕೋರು ಯಾರು? ತೀರ್ಕೊಂಡೋರ ಪರವಾಗಿ ಇನ್ನೊಬ್ರು ಸಹಿ ಹಾಕೋಕೆ ಬರಲ್ಲ. ಎಷ್ಟೋ ಮನೆಗಳಲ್ಲಿ ನೋಡಿದೀನಿ, ಅಜ್ಜನ ಹೆಸರಲ್ಲಿ ಮೀಟರು, ಮೊಮ್ಮಗ ಬಿಲ್ ಕಟ್ತಾ ಇರ್ತಾನೆ, ಬಿಲ್ ಕಟ್ಟೋವರ್ಗೂ ಯಾರೂ ಕೇಳಲ್ಲ, ಲೋಡ್ ಜಾಸ್ತಿ ಮಾಡ್ಸೋಕೋ ಸೋಲಾರ್‌ಗೋ ಹೋದಾಗ ಅಲ್ಲಿಗೆ ನಿಂತುಹೋಗುತ್ತೆ.

ನಿಮ್ಮದು ಮೊದ್ಲು ನಗರಸಭೇಲಿ ಪೌತಿ ಖಾತೆ, ಅಂದ್ರೆ ತೀರ್ಕೊಂಡೋರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗ್ಬೇಕು. ಮರಣ ಪ್ರಮಾಣಪತ್ರ ಇರುತ್ತೆ, ನಾಡಕಚೇರಿಯಿಂದ ವಂಶವೃಕ್ಷ ತಗೊಳ್ಳಿ, ಕಂದಾಯ ಬಾಕಿ ಇದ್ರೆ ಕಟ್ಟಿ. ಅಕ್ಕನ ಹತ್ರ ಕೂತು ಮಾತಾಡಿ, ಖಾತೆ ಯಾರ ಹೆಸರಿಗೆ ಅಂತ ಮೂರೂ ಜನ ತೀರ್ಮಾನ ಮಾಡಿ, ಅವರ ಒಪ್ಪಿಗೆ ಪತ್ರ ನೋಟರಿ ಮಾಡ್ಸಿ ಇಟ್ಕೊಳ್ಳಿ. ಇದನ್ನ ಸಣ್ಣ ವಿಷ್ಯ ಅಂದ್ಕೋಬೇಡಿ, ಫೋನಲ್ಲಿ "ಆಯ್ತು ಬಿಡು" ಅಂದಿದ್ದಕ್ಕೂ ಕಾಗದದ ಮೇಲೆ ಸಹಿ ಹಾಕಿದ್ದಕ್ಕೂ ವ್ಯತ್ಯಾಸ ಇದೆ, ಆಸ್ತಿ ಅಂದ್ಮೇಲೆ ಹೆಣ್ಣುಮಕ್ಕಳಿಗೂ ಹಕ್ಕಿದೆ. ಇ-ಖಾತೆ ಕೈಗೆ ಬಂದ್ಮೇಲೆ ಅದನ್ನ ಇಟ್ಕೊಂಡು ಬೆಸ್ಕಾಂ ಸಬ್ ಡಿವಿಷನ್‌ನಲ್ಲಿ ಹೆಸರು ಬದಲಾವಣೆ ಅರ್ಜಿ ಕೊಡಿ. ಬಿಲ್ ಬಾಕಿ ಇರ್ಬಾರ್ದು, ಡೆಪಾಸಿಟ್ ಕೂಡ ಹೊಸ ಹೆಸರಿಗೆ ವರ್ಗ ಮಾಡ್ಸಿ, ಇಂಡೆಮ್ನಿಟಿ ಬಾಂಡ್ (ಮುಂದೆ ತಕರಾರು ಬಂದ್ರೆ ಜವಾಬ್ದಾರಿ ನಮ್ದೇ ಅನ್ನೋ ಪತ್ರ) ಕೇಳ್ತಾರೆ ಕೊಡಿ. ಮುಂದಿನ ಬಿಲ್ಲಿನಲ್ಲಿ ಹೊಸ ಹೆಸರು ಅಚ್ಚಾಗಿ ಬಂತಾ ನೋಡಿ, ಆಮೇಲೆ ಪೋರ್ಟಲ್‌ಗೆ ಹೋಗಿ.

ಹೆಸರು ಬರ್ಸುವಾಗ ಆಧಾರ್‌ನಲ್ಲಿ ಇನಿಷಿಯಲ್ ಹೆಂಗಿದೆಯೋ ಬ್ಯಾಂಕಲ್ಲೂ ಹಂಗೇ, ಬಿಲ್ಲಲ್ಲೂ ಹಂಗೇ ಇರ್ಲಿ. ನಮ್ ಕಡೆ ಹೆಸರಿನ ಹಿಂದೆ ಒಂದ್ಕಡೆ ಊರಿನ ಅಕ್ಷರ ಇರುತ್ತೆ, ಇನ್ನೊಂದ್ಕಡೆ ಅಪ್ಪನ ಹೆಸರು ಪೂರ್ತಿ ಇರುತ್ತೆ, ಅದೇ ದೊಡ್ಡ ರಗಳೆ.

ಧಾರವಾಡದ ಬಿಸಿಲು:

ಮೇಲಿನ ಹಿರಿಯರು ಹೇಳಿದ್ದು ನೂರಕ್ಕ ನೂರು ಖರೆ ರೀ. ನಾವು ಹೋದ ವರ್ಷ ಹಾಕ್ಸೇವಿ, 3 ಕಿಲೋವ್ಯಾಟ್, ಹೆಸ್ಕಾಂ ಏರಿಯಾ. ನಿಮ್ಮ ಉಳಿದ ಪ್ರಶ್ನೆಗೆ ನನಗ ತಿಳಿದಷ್ಟು ಬರೀತೀನಿ, ಸ್ವಲ್ಪ ಉದ್ದ ಆಗ್ತೈತಿ.

ನಗರಸಭೆ ಎನ್ಓಸಿ ಅಂದ್ರಲ್ಲ, ಈಗಿರೋ ಆರ್‌ಸಿಸಿ ತಾರಸಿ ಮ್ಯಾಲೆ ಸ್ಟ್ಯಾಂಡ್ ಹಾಕಿ ಪ್ಯಾನೆಲ್ ಕೂಡ್ಸಾಕ ನಮಗ ಯಾರೂ ಪ್ಲಾನ್ ಕಾಪಿ ಕೇಳಲಿಲ್ಲ. ಪರ್ಮಿಷನ್ ಅಂದ್ರ ಇಲ್ಲಿ ಕರೆಂಟ್ ಕಂಪನಿ ಪರ್ಮಿಷನ್. ಆದ್ರ ಎಂಟು ಹತ್ತು ಫೂಟ್ ಕಬ್ಬಿಣದ ಕಂಬ ಎಬ್ಬಿಸಿ, ಕೆಳಗ ಶೀಟ್ ಹೊಡದು ಇನ್ನೊಂದು ಖೋಲಿ ಮಾಡ್ಕೊಂಡ್ರ ಅದು ಕಟ್ಟಡದ ಲೆಕ್ಕಕ್ಕ ಬರ್ತದ, ಅದನ್ನ ನಗರಸಭ್ಯಾಗ ಕೇಳೇ ಮಾಡ್ರಿ. ಭಾಳ ಮಂದಿ ಸೋಲಾರ್ ಹೆಸರಿನ್ಯಾಗ ಮ್ಯಾಲಿನ ಮಹಡಿ ಕಟ್ಟಾಕ ಹೊಂಟಾರ, ಅದು ಬ್ಯಾರೇನ ಕತಿ.

ಅರ್ಜಿ ಹಾಕಿದ ಮ್ಯಾಲೆ ಫೀಸಿಬಿಲಿಟಿ ಅಂತ ಒಂದು ಹಂತ ಐತಿ, ಅಂದ್ರ ನಿಮ್ಮ ಲೈನಿಗೆ ಸೋಲಾರ್ ಜೋಡ್ಸಾಕ ಬರ್ತದೋ ಇಲ್ಲೋ ಅಂತ ಕಂಪನಿ ನೋಡೂದು. ಮೊದಲ ಇದಕ್ಕ ವಾರಗಟ್ಟಲೆ ಕಾಯಬೇಕಿತ್ತು, ಈಗ ಹಂಗಿಲ್ಲ. 2024ರಾಗ ಕೇಂದ್ರ ಸರ್ಕಾರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮ ತಿದ್ದುಪಡಿ ಮಾಡ್ತು, 10 ಕಿಲೋವ್ಯಾಟ್ ತನಕದ ಅರ್ಜಿಗೆ ತಾಂತ್ರಿಕ ಪರಿಶೀಲನೆ ಇಲ್ದನ ಒಪ್ಪಿಗಿ ಸಿಕ್ಕಂಗ ಅಂತ. ಅಷ್ಟ ಅಲ್ಲ, 5 ಕಿಲೋವ್ಯಾಟ್ ತನಕ ನಿಮ್ಮ ಸಲುವಾಗಿ ಲೈನ್, ಟ್ರಾನ್ಸ್‌ಫಾರ್ಮರ್ ಬಲ ಮಾಡೋದಿದ್ರ ಆ ಖರ್ಚು ಕಂಪನೀದ. ಸಿಸ್ಟಂ ರೆಡಿ ಅಂತ ನೀವು ಕೊಟ್ಟ ಮ್ಯಾಲೆ ಮೀಟರ್ ಹಾಕಿ ಚಾಲೂ ಮಾಡಾಕ ಇದ್ದ 30 ದಿನದ ಗಡುವು 15 ದಿನಕ್ಕ ಇಳಿಸ್ಯಾರ. ಈ ನಿಯಮ ತಿಳ್ಕೊಂಡು ಹೋಗ್ರಿ, ಯಾರರ "ಟ್ರಾನ್ಸ್‌ಫಾರ್ಮರ್‌ನ್ಯಾಗ ಜಾಗ ಇಲ್ಲ, ರೊಕ್ಕಾ ಕಟ್ರಿ" ಅಂದ್ರ ಸಮಾಧಾನದಿಂದ ಇದನ್ನ ಹೇಳ್ರಿ, ಕೇಳಾಕ ನಿಮಗ ಹಕ್ಕೈತಿ.

ನಿಮ್ಮ ಮೀಟರ್ ಸ್ಯಾಂಕ್ಷನ್ ಲೋಡ್ (ಕಂಪನಿ ಮಂಜೂರು ಮಾಡಿದ ಕಿಲೋವ್ಯಾಟ್) ಎಷ್ಟೈತಿ ಬಿಲ್ಲಿನ್ಯಾಗ ನೋಡ್ರಿ. 2 ಕಿಲೋವ್ಯಾಟ್ ಇದ್ದು ನೀವು 3 ಕಿಲೋವ್ಯಾಟ್ ಸೋಲಾರ್ ಹಾಕಿದ್ರ ಲೋಡ್ ಏರಸ್ತಾರ, ಏರಿದ ಕೂಡ್ಲೆ ಫಿಕ್ಸೆಡ್ ಚಾರ್ಜ್ ಏರ್ತದ, 2025ರ ಏಪ್ರಿಲ್‌ದಿಂದ ಅದು ಕಿಲೋವ್ಯಾಟ್‌ಗೆ 145 ರೂಪಾಯಿ ಆಗಿತ್ತು. ಸೋಲಾರ್ ಹಾಕಿದ್ರ ಬಿಲ್ಲು ಸೊನ್ನಿ ಅಂತ ಹೇಳೋರು ಇದನ್ನ ಹೇಳೂದಿಲ್ಲ. ಫಿಕ್ಸೆಡ್ ಚಾರ್ಜ್ ಹೋಗೂದಿಲ್ಲ, ಯೂನಿಟ್ ಚಾರ್ಜ್ ಅಷ್ಟ ಹೋಗ್ತದ.

ಓಟಿಪಿ ವಿಷಯ. ನಮ್ಮ ವೆಂಡರ್ ತನ್ನ ಹುಡುಗನ ಫೋನ್ ನಂಬರ್ ಹಾಕಿ ರಿಜಿಸ್ಟರ್ ಮಾಡಿದ್ದ, ನಮಗ ಹೇಳಲೇ ಇಲ್ಲ. ನಡುವ ಆ ಹುಡುಗ ಕೆಲಸ ಬಿಟ್ಟ. ಅರ್ಜಿ ಎಲ್ಲಿ ನಿಂತೈತಿ ಅಂತ ನೋಡಾಕೂ ಬರ್ಲಿಲ್ಲ ನಮಗ, ಅವನ್ನ ಹುಡ್ಕಿ ಓಟಿಪಿ ಇಸ್ಕೊಳ್ಳೂದ ಒಂದು ಕೆಲಸ ಆತು. ನಿಮ್ಮ ಮನಿ ಅರ್ಜಿ ನಿಮ್ಮ ಫೋನ್‌ನ್ಯಾಗ ಇರ್ಲಿ. ರಿಜಿಸ್ಟರ್ ಮಾಡೂದು ಕಷ್ಟ ಇಲ್ಲ, ರಾಜ್ಯ, ಕಂಪನಿ, ಅಕೌಂಟ್ ಐಡಿ, ಫೋನ್ ನಂಬರ್, ಅಷ್ಟ. ಕೂತು ಸಾವಕಾಶ ಮಾಡಿದ್ರ ಯಾರ ಸಹಾಯನೂ ಬೇಕಾಗೂದಿಲ್ಲ. ವೆಂಡರ್ ಹೆಸರು ಪೋರ್ಟಲ್‌ನ್ಯಾಗಿನ ಪಟ್ಟಿಯೊಳಗ ಇರ್ಬೇಕು, ಇಲ್ಲಂದ್ರ ಸಬ್ಸಿಡಿ ಇಲ್ಲ.

ಕಲ್ಪತರು ನಾಡಿನವ:

ತುಂಬಾ ಉಪಕಾರ ಆಯ್ತು ಇಬ್ಬರಿಗೂ. ಇಷ್ಟು ವಿವರ ಯಾರೂ ಕೊಟ್ಟಿರ್ಲಿಲ್ಲ. ಬಿಲ್ ತೆಗೆದು ನೋಡಿದೆ, ಸ್ಯಾಂಕ್ಷನ್ ಲೋಡ್ 2 ಕಿಲೋವ್ಯಾಟ್ ಅಂತಾನೇ ಇದೆ. ಅಕ್ಕನ ಜೊತೆ ಮಾತಾಡಿದೆ, ಈ ಭಾನುವಾರ ಬರ್ತೀನಿ, ಸಹಿ ಹಾಕ್ಕೊಡ್ತೀನಿ ಅಂದ್ಲು. ಆದ್ರೆ ಅಮ್ಮನ ಹೆಸರಿಗೆ ಮಾಡ್ಸೋದಾ ನನ್ನ ಹೆಸರಿಗಾ ಅನ್ನೋದು ಇನ್ನೂ ಗೊತ್ತಾಗ್ತಿಲ್ಲ. ಮನೆ ಅಮ್ಮನ ಹೆಸರಲ್ಲೇ ಇರ್ಲಿ ಅಂತ ನಂಗೂ ಅಕ್ಕಂಗೂ ಆಸೆ, ಆದ್ರೆ ಸ್ವಲ್ಪ ಲೋನ್ ಬೇಕಾಗುತ್ತೆ ನಮಗೆ. ಮತ್ತೆ 3 ಕಿಲೋವ್ಯಾಟ್ ಬೇಕಾ 2 ಸಾಕಾ?

ಇನ್‌ಸ್ಟಾಲೇಶನ್ ಹುಡುಗ ತುಮಕೂರು:

ಅಣ್ಣಾ ನಾನು ಇದೇ ಕೆಲಸ ಮಾಡೋನು, ತುಮಕೂರು ಸುತ್ತಮುತ್ತ. ಗಿರಾಕಿ ಹಿಡಿಯೋಕೆ ಬರೀತಿಲ್ಲ, ಕಂಪನಿ ಹೆಸರೂ ಹೇಳಲ್ಲ.

ಲೆಕ್ಕ ಹಿಂಗೆ ನೋಡಿ. ನಮ್ ಕಡೆ ನೆರಳಿಲ್ದೇ ಇದ್ರೆ 1 ಕಿಲೋವ್ಯಾಟ್‌ಗೆ ದಿನಕ್ಕೆ ಸರಾಸರಿ 4 ಯೂನಿಟ್ ಬರುತ್ತೆ, ವರ್ಷ ಪೂರ್ತಿ ಲೆಕ್ಕ ಹಾಕಿದ್ರೆ. ಅಂದ್ರೆ 2 ಕಿಲೋವ್ಯಾಟ್ ತಿಂಗಳಿಗೆ 240, 3 ಕಿಲೋವ್ಯಾಟ್ 360. ನಿಮ್ಮ ಖರ್ಚು 300. ಕೆಳಗಿನ ಮನೆ ಮೀಟರ್‌ಗೆ ಹಾಕಿದ್ರೆ ಅದೇ ಮೀಟರ್‌ದು ಮಾತ್ರ ಕಳಿಯೋದು, ಮೇಲಿನ ಬಾಡಿಗೆ ಮನೆ ಮೀಟರ್‌ಗೆ ಅದ್ರಿಂದ ಏನೂ ಸಿಗಲ್ಲ. 2 ಹಾಕಿದ್ರೆ 240 ಯೂನಿಟ್ಟೂ ನೀವೇ ಬಳಸಿದ ಲೆಕ್ಕ, ಯೂನಿಟ್‌ಗೆ 5 ರೂಪಾಯಿ 80 ಪೈಸೆ ಅಂದ್ರೂ ತಿಂಗಳಿಗೆ 1,392 ಉಳೀತು, ಮೇಲೆ ಟ್ಯಾಕ್ಸು ಸರ್‌ಚಾರ್ಜು ಉಳಿಯೋದು ಬೇರೆ. 3 ಹಾಕಿದ್ರೆ 60 ಯೂನಿಟ್ ಹೆಚ್ಚಿಗೆ ಆಗಿ ಗ್ರಿಡ್‌ಗೆ ಹೋಗುತ್ತೆ, ಆ 60ಕ್ಕೆ ನಿಮಗೆ ಸಿಗೋ ರೇಟು ನೀವು ಕೊಂಡ್ಕೊಳ್ಳೋ ರೇಟಿಗಿಂತ ತುಂಬಾ ಕಮ್ಮಿ, ಸಬ್ಸಿಡಿ ತಗೊಂಡಿದ್ರೆ ಇನ್ನೂ ಕಮ್ಮಿ.

ಇಲ್ಲೇ ನಿಮ್ ಭಾವನ ಕಡೆಯವರ ವಿಷ್ಯ ಬರೋದು. ಕೆಇಆರ್‌ಸಿ (ರಾಜ್ಯದಲ್ಲಿ ಕರೆಂಟ್ ದರ ನಿಗದಿ ಮಾಡೋ ಆಯೋಗ) 2013ರ ಅಕ್ಟೋಬರ್‌ನಲ್ಲಿ ಸಬ್ಸಿಡಿ ಇಲ್ಲದ ತಾರಸಿ ಸೋಲಾರ್‌ಗೆ ಯೂನಿಟ್‌ಗೆ 9 ರೂಪಾಯಿ 56 ಪೈಸೆ ಅಂತ ರೇಟ್ ಕಟ್ತು, 25 ವರ್ಷದ ಅಗ್ರಿಮೆಂಟು. ಆವಾಗ ಸಹಿ ಹಾಕಿದೋರಿಗೆ ಆ ರೇಟು, ಆವಾಗ ಪ್ಯಾನೆಲ್ ಬೆಲೆನೂ ಹಂಗೇ ಇತ್ತು. 2016ರಲ್ಲಿ ಇಳಿಸಿದ್ರು, ಆಮೇಲೆ ಇನ್ನೂ ಇಳೀತು. ಈಗ ಹಾಕೋರು ದುಡ್ಡು ಬರುತ್ತೆ ಅಂತ ಹಾಕ್ಬಾರ್ದು, ನಮ್ ಬಿಲ್ ಉಳಿಯುತ್ತೆ ಅಂತ ಹಾಕ್ಬೇಕು.

ಸಬ್ಸಿಡಿ ಮೊದಲ 2 ಕಿಲೋವ್ಯಾಟ್‌ಗೆ ಕಿಲೋವ್ಯಾಟ್‌ಗೆ 30 ಸಾವಿರ, ಮೂರನೇದಕ್ಕೆ 18 ಸಾವಿರ, ಅಲ್ಲಿಗೆ 78 ಸಾವಿರಕ್ಕೆ ನಿಲ್ಲುತ್ತೆ, ನೀವು 5 ಹಾಕಿ 10 ಹಾಕಿ ಅಷ್ಟೇ. ನಿಮ್ಮ ಲೋಡ್ 2 ಇರೋದ್ರಿಂದ 2 ಹಾಕಿದ್ರೆ ಫಿಕ್ಸೆಡ್ ಚಾರ್ಜೂ ಏರಲ್ಲ. ನನ್ನ ಕೇಳಿದ್ರೆ 2 ಸಾಕು ಅಂತೀನಿ. ಮುಂದೆ ಎಲೆಕ್ಟ್ರಿಕ್ ಸ್ಕೂಟರು ಇಂಡಕ್ಷನ್ ಒಲೆ ಅಂತ ಯೋಚ್ನೆ ಇದ್ರೆ ಮಾತ್ರ 3.

ಕೊಟೇಶನ್‌ನಲ್ಲಿ ಡಿಸಿಆರ್ ಪ್ಯಾನೆಲ್ ಅಂತ ಬರ್ದಿದಾರಾ ನೋಡಿ. ಅಂದ್ರೆ ಪ್ಯಾನೆಲ್ಲೂ ಅದ್ರೊಳಗಿನ ಸೆಲ್ಲೂ ಎರಡೂ ಇಂಡಿಯಾದಲ್ಲೇ ತಯಾರಾಗಿರ್ಬೇಕು, ಅದಿದ್ರೆ ಮಾತ್ರ ಸಬ್ಸಿಡಿ. ಡಿಸಿಆರ್ ಅಲ್ಲದ್ದು ಅಗ್ಗ, ಅದನ್ನ ಹಾಕಿ ಸಬ್ಸಿಡಿ ಬರುತ್ತೆ ಅಂತ ಹೇಳೋರು ಇದಾರೆ. ಪ್ರತೀ ಪ್ಯಾನೆಲ್‌ಗೂ ಸೀರಿಯಲ್ ನಂಬರ್ ಇರುತ್ತೆ, ಮೇಲೆ ಏರ್ಸೋಕೆ ಮುಂಚೆ ಕೆಳಗಿರುವಾಗ್ಲೇ ಫೋಟೋ ಹೊಡ್ಕೊಳ್ಳಿ, ಆಮೇಲೆ ತಾರಸಿ ಮೇಲೆ ಬಗ್ಗಿ ನೋಡೋದು ಕಷ್ಟ. ಇನ್ನೊಂದು, 2025ರ ಸೆಪ್ಟೆಂಬರ್ 22ರಿಂದ ಪ್ಯಾನೆಲ್ ಮೇಲಿನ ಜಿಎಸ್‌ಟಿ 12 ಇಂದ 5 ಪರ್ಸೆಂಟ್‌ಗೆ ಇಳಿದಿದೆ, ಹಳೇ ಕೊಟೇಶನ್ ಕಾಪಿ ಹೊಡ್ದು ಕೊಡ್ತಿದಾರಾ ಕೇಳಿ.

ಹೆಸರು ಯಾರದು ಅಂದ್ರಲ್ಲ, ಲೋನ್ ಬೇಕು ಅಂದ್ರೆ ಬ್ಯಾಂಕಿನೋರು ಅರ್ಜಿದಾರರ ವಯಸ್ಸು ಆದಾಯ ನೋಡ್ತಾರೆ, 68 ವರ್ಷದೋರ ಹೆಸರಲ್ಲಿ ಕಷ್ಟ ಆಗ್ಬಹುದು, ಮೊದ್ಲು ನಿಮ್ ಬ್ಯಾಂಕಲ್ಲಿ ಹೋಗಿ ಅಮ್ಮನ ಜೊತೆ ನಿಮ್ಮನ್ನೂ ಸೇರಿಸ್ಕೊಂಡು ಕೊಡ್ತಾರಾ ಕೇಳಿ, ಆಮೇಲೆ ಖಾತೆ ತೀರ್ಮಾನ ಮಾಡಿ. ಈ ಯೋಜನೆ ಲೋನು ಜನ್ ಸಮರ್ಥ್ ಅನ್ನೋ ಕೇಂದ್ರ ಸರ್ಕಾರದ ಲೋನ್ ಪೋರ್ಟಲ್ ಮೂಲಕ ಸಿಗುತ್ತೆ, 3 ಕಿಲೋವ್ಯಾಟ್ ವರೆಗೆ ಅಡಮಾನ ಇಲ್ಲ, ಬಡ್ಡಿ ರೆಪೋ ದರದ (ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡೋ ದರ) ಮೇಲೆ ಅರ್ಧ ಪರ್ಸೆಂಟ್ ಆಸುಪಾಸು, ಚಿನ್ನ ಇಡೋದಕ್ಕಿಂತ ಎಷ್ಟೋ ವಾಸಿ. ಅಮ್ಮನ ಹೆಸರಲ್ಲಿ ಮಾಡಿದ್ರೆ ಓಟಿಪಿ ರಿಜಿಸ್ಟರ್ ಮಾಡುವಾಗ ಕೊಟ್ಟ ಫೋನಿಗೆ ಬರುತ್ತೆ, ಆ ಸಿಮ್ ಚಾಲ್ತಿಲಿ ಇರ್ಲಿ.

ತೆಂಗಿನ ಮರ ವಿಷ್ಯ ನಮ್ ತಿಪಟೂರು, ತುರುವೇಕೆರೆ ಕಡೆ ಎಲ್ಲಾ ಮನೇಲೂ ಇರೋದೇ. ಪ್ಯಾನೆಲ್‌ಗಳು ಒಂದಕ್ಕೊಂದು ಸರಪಳಿ ತರ ಜೋಡಿಸಿರ್ತೀವಿ, ಒಂದರ ಮೇಲೆ ಗರಿ ನೆರಳು ಬಿದ್ರೂ ಸಾಲಿನ ಕರೆಂಟು ಇಳಿಯುತ್ತೆ. ಸುಮ್ನೆ ಈವತ್ತು ಮೇಲೆ ಹೋಗಿ ನೋಡಿ ನೆರಳಿಲ್ಲ ಅಂದ್ಕೋಬೇಡಿ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದಿರ್ತಾನೆ, ಮಧ್ಯಾಹ್ನದ ನೆರಳೂ ಉದ್ದ ಬೀಳುತ್ತೆ, ಮೇ ಜೂನ್‌ನಲ್ಲಿ ನಮ್ ನೆತ್ತಿ ದಾಟಿ ಉತ್ತರಕ್ಕೇ ಹೋಗಿರ್ತಾನೆ. ಆಗ ನೆರಳು ಬೀಳದ ಜಾಗ ಡಿಸೆಂಬರ್‌ನಲ್ಲಿ ಪೂರ್ತಿ ನೆರಳಲ್ಲಿ ಇರ್ಬಹುದು. ಮರ ಪೂರ್ವಕ್ಕಿದ್ರೆ ಪ್ಯಾನೆಲ್‌ಗಳನ್ನ ತಾರಸಿಯ ಪಶ್ಚಿಮದ ಅಂಚಿಗೆ ಸರ್ಸಿ ಹಾಕ್ಬಹುದು, 2 ಕಿಲೋವ್ಯಾಟ್‌ಗೆ ಸುಮಾರು 200 ಚದರಡಿ ನೆರಳಿಲ್ಲದ ಜಾಗ ಇದ್ರೆ ಸಾಕು. ಕಾಯಿ ಬೀಳೋ ದೂರದಲ್ಲಂತೂ ಹಾಕ್ಲೇಬೇಡಿ, ಒಣಗಿದ ಮಟ್ಟೆ ಬಿದ್ರೂ ಗಾಜು ಒಡೆಯುತ್ತೆ. ದಯವಿಟ್ಟು ಸೋಲಾರ್‌ಗೋಸ್ಕರ ಪಕ್ಕದೋರ ಫಲ ಬಿಡೋ ಮರ ಕಡಿಸೋ ಮಾತು ಮಾತ್ರ ಎತ್ಬೇಡಿ.

ಉಡುಪಿಯಿಂದ:

ಒಳ್ಳೆ ಚರ್ಚೆ ಆಗ್ತಾ ಉಂಟು. ನಮ್ಮಲ್ಲಿ ಮೆಸ್ಕಾಂ, ಪ್ರೊಸೀಜರ್ ಎಲ್ಲ ಇದೇ. ನಾನು ಒಂದೇ ವಿಷಯ ಸೇರಿಸ್ತೇನೆ, ಪೇಮೆಂಟ್. ಸಬ್ಸಿಡಿ ಕಳೆದು ಉಳಿದದ್ದು ಕೊಟ್ರೆ ಸಾಕು ಅಂತ ಕೆಲವರು ಹೇಳ್ತಾರೆ, ಕೆಲವರು ಪೂರ್ತಿ ಮೊದಲೇ ಕೇಳ್ತಾರೆ. ಸಬ್ಸಿಡಿ ಬರುವುದು ನೇರ ಗ್ರಾಹಕರ ಅಕೌಂಟಿಗೆ, ವೆಂಡರಿಗೆ ಅಲ್ಲ, ಅದೂ ಚಾಲೂ ಆಗಿ ಕಮಿಷನಿಂಗ್ ರಿಪೋರ್ಟ್ ಆದ ಮೇಲೆ. ಹಾಗಾಗಿ ಕೈಯಲ್ಲಿ ಪೂರ್ತಿ ಹಣದ ವ್ಯವಸ್ಥೆ ಇಟ್ಟುಕೊಂಡೇ ಹೊರಡಿ. ಕೊಡುವಾಗ ಕಂತು ಮಾಡಿ, ಸಾಮಾನು ಬಂದಾಗ ಒಂದಿಷ್ಟು, ಫಿಟ್ಟಿಂಗ್ ಆದಾಗ ಒಂದಿಷ್ಟು, ನೆಟ್ ಮೀಟರ್ (ಒಳಬಂದ, ಹೊರಹೋದ ಕರೆಂಟ್ ಎರಡೂ ಅಳೆಯುವ ಮೀಟರ್) ಹಾಕಿ ಚಾಲೂ ಆದ ಮೇಲೆ ಕೊನೆಯದ್ದು. ಆ ಕೊನೆಯ ಕಂತು ಸಣ್ಣದು ಮಾಡ್ಬೇಡಿ ಮಾರಾಯ್ರೆ, ಫಿಟ್ಟಿಂಗ್ ಎರಡು ದಿನದಲ್ಲಿ ಆಗ್ತದೆ, ಮೀಟರಿಗೆ ಓಡಾಡುವ ಕೆಲಸ ಇರುವುದೇ ಆಮೇಲೆ.

ವೆಂಡರ್ 5 ವರ್ಷ ಮೈಂಟೆನೆನ್ಸ್ ಮಾಡಬೇಕು ಅಂತ ಯೋಜನೆಯ ನಿಯಮದಲ್ಲೇ ಉಂಟು, ಅದನ್ನು ಅಗ್ರಿಮೆಂಟಲ್ಲಿ ಬರೆಸಿಕೊಳ್ಳಿ. ನಮ್ಮ ಹಾಗೆ ಕಡಲ ಬದಿಯವರು ಸ್ಟ್ಯಾಂಡಿನ ಕಬ್ಬಿಣಕ್ಕೆ ಹಾಟ್ ಡಿಪ್ ಗ್ಯಾಲ್ವನೈಸಿಂಗ್ (ಕರಗಿದ ಸತುವಿನಲ್ಲಿ ಅದ್ದಿ ಮಾಡುವ ಲೇಪ) ಆಗಿದೆಯಾ ಅಂತ ಕೇಳಿಯೇ ತಗೊಳ್ಳಬೇಕು, ಉಪ್ಪು ಗಾಳಿಗೆ ಬರೇ ಪೈಂಟ್ ಹೊಡೆದದ್ದು ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಇಲ್ಲಿ ಉತ್ಪಾದನೆ ಅರ್ಧಕ್ಕಿಂತ ಕೆಳಗೆ ಹೋಗುವ ದಿನ ತುಂಬ ಉಂಟು, ನಿಮಗೆ ತಿಪಟೂರಲ್ಲಿ ಅಷ್ಟು ತೊಂದರೆ ಇರ್ಲಿಕ್ಕಿಲ್ಲ.

ಬೆಂಗಳೂರು ಅಪಾರ್ಟ್‌ಮೆಂಟ್ ವಾಸಿ:

ಮಧ್ಯದಲ್ಲಿ ಬಂದೆ ಕ್ಷಮಿಸಿ, ಇದೇ ವಿಷಯ ಆದ್ದರಿಂದ ಇಲ್ಲೇ ಕೇಳ್ತೀನಿ. ನಮ್ದು 24 ಫ್ಲ್ಯಾಟ್, ತಾರಸಿ ಎಲ್ರಿಗೂ ಸೇರಿದ್ದು. ಲಿಫ್ಟ್, ಪಂಪು, ಕಾಮನ್ ಲೈಟಿಗೆ ಅಸೋಸಿಯೇಶನ್ ಹೆಸರಲ್ಲಿ ಒಂದು ಮೀಟರ್ ಇದೆ. ಅದಕ್ಕೆ ಸಬ್ಸಿಡಿ ಇದ್ಯಾ?

ಇನ್‌ಸ್ಟಾಲೇಶನ್ ಹುಡುಗ ತುಮಕೂರು:

ಇದೆ ಸಾರ್. ಅಸೋಸಿಯೇಶನ್‌ಗಳ ಕಾಮನ್ ಬಳಕೆಗೆ ಕಿಲೋವ್ಯಾಟ್‌ಗೆ 18 ಸಾವಿರ, ಇವಿ ಚಾರ್ಜಿಂಗ್ ಕೂಡ ಅದ್ರಲ್ಲಿ ಬರುತ್ತೆ, ಮನೆಗೆ 3 ಕಿಲೋವ್ಯಾಟ್ ಲೆಕ್ಕದಲ್ಲಿ ಒಟ್ಟು 500 ಕಿಲೋವ್ಯಾಟ್ ವರೆಗೆ. ಮೊದ್ಲು ಜನರಲ್ ಬಾಡಿ ಮೀಟಿಂಗ್ ಕರ್ದು ನಿರ್ಣಯ ಬರ್ಸಿ ಸಹಿ ಮಾಡ್ಸಿ. 10 ಕಿಲೋವ್ಯಾಟ್ ದಾಟಿದ್ರೆ ಮೇಲೆ ಹೇಳಿದ ಸುಲಭದ ದಾರಿ ಸಿಗಲ್ಲ, ಫೀಸಿಬಿಲಿಟಿ ನೋಡ್ತಾರೆ, 15 ದಿನದ ಗಡುವು ಇದೆ.

ನಿವೃತ್ತ ಪವರ್‌ಮ್ಯಾನ್:

ಇನ್ನೊಂದು ಮಾತು ಹೇಳ್ದೇ ಇದ್ರೆ ನಂಗೆ ನಿದ್ದೆ ಬರಲ್ಲ. ಪ್ಯಾನೆಲ್ ಫಿಟ್ ಆದ ದಿನವೇ "ಸ್ವಲ್ಪ ಆನ್ ಮಾಡಿ ನೋಡೋಣ" ಅಂತ ಶುರು ಮಾಡ್ತಾರೆ, ನೆಟ್ ಮೀಟರ್ ಇನ್ನೂ ಬಂದಿರಲ್ಲ, ಇನ್‌ಸ್ಪೆಕ್ಷನ್ ಆಗಿರಲ್ಲ. ಎರಡು ತೊಂದರೆ ಇದೆ. ಕೆಲವು ಹಳೇ ಮೀಟರ್‌ಗೆ ಕರೆಂಟು ಒಳಗೆ ಬರ್ತಿದೆಯೋ ಹೊರಗೆ ಹೋಗ್ತಿದೆಯೋ ಗೊತ್ತಾಗಲ್ಲ, ನೀವು ಗ್ರಿಡ್‌ಗೆ ಕೊಟ್ಟಿದ್ದನ್ನೂ ನೀವೇ ಬಳಸಿದ್ದು ಅಂತ ಓಡಿಸಿಬಿಡುತ್ತೆ, ಬಿಲ್ ನೋಡಿ ಗಾಬರಿ ಆಗ್ತೀರಿ. ಅದು ದುಡ್ಡಿನ ಮಾತು, ಹೋಗ್ಲಿ.

ಎರಡನೇದು ಜೀವದ ಮಾತು. ಲೈನ್ ಆಫ್ ತಗೊಂಡು ಕಂಬ ಹತ್ತಿರೋ ಹುಡುಗನಿಗೆ ಯಾವುದೋ ಒಂದು ಮನೆ ತಾರಸಿಯಿಂದ ಕರೆಂಟು ವಾಪಸ್ ಬಂದ್ರೆ ಏನಾಗುತ್ತೆ ಅಂತ ನಾನು ಹೇಳ್ಬೇಕಾಗಿಲ್ಲ. ಒಳ್ಳೆ ಇನ್ವರ್ಟರ್ ಆದ್ರೆ ಲೈನ್ ಹೋದ ಕೂಡ್ಲೇ ತಾನೂ ಆಫ್ ಆಗುತ್ತೆ, ಅದಕ್ಕೇ ಕರೆಂಟ್ ಹೋದಾಗ ಸೋಲಾರ್ ಇದ್ರೂ ಮನೇಲಿ ಲೈಟ್ ಉರಿಯಲ್ಲ, ಬ್ಯಾಟರಿ ಇರೋ ಹೈಬ್ರಿಡ್ ಹಾಕಿದ್ರೆ ಮಾತ್ರ ಉರಿಯೋದು. ಎಷ್ಟೋ ಜನ ಇದನ್ನ ಡಿಫೆಕ್ಟ್ ಅಂದ್ಕೊಂಡು ಯಾರೋ ಎಲೆಕ್ಟ್ರಿಷಿಯನ್ ಕೈಲಿ ಬೈಪಾಸ್ ಮಾಡ್ಸೋಕೆ ನೋಡ್ತಾರೆ. ಮಾಡ್ಬೇಡಿ, ಕೈ ಮುಗಿದು ಕೇಳ್ಕೋತೀನಿ. ಇನ್‌ಸ್ಪೆಕ್ಷನ್‌ಗೆ ಬಂದೋರು ಇದನ್ನೆಲ್ಲ ನೋಡೋಕೇ ಬರೋದು. ಪ್ಯಾನೆಲ್ ಕಡೆಯ ಡಿಸಿ ಕರೆಂಟಿಗೆ, ಮನೆ ಲೈನ್ ಕಡೆಯ ಎಸಿ ಕರೆಂಟಿಗೆ, ಮಿಂಚು ತಡೆಯೋ ಅರೆಸ್ಟರ್‌ಗೆ ಬೇರೆ ಬೇರೆ ಅರ್ಥಿಂಗ್ ಗುಂಡಿ ತೆಗೆಸಿದಾರಾ ನೀವೇ ನಿಂತು ನೋಡಿ, ಮೂರಕ್ಕೂ ಸೇರಿಸಿ ಒಂದೇ ಗುಂಡೀಲಿ ಮುಗಿಸೋಕೆ ಬಿಡ್ಬೇಡಿ.

ಇನ್‌ಸ್ಪೆಕ್ಷನ್ ದಿನ ನೀವು ಮನೇಲಿರಿ, ಮೀಟರ್ ಹಾಕಿದ ತಕ್ಷಣ ಒಳಬಂದ ಯೂನಿಟ್ಟು, ಹೊರಹೋದ ಯೂನಿಟ್ಟು ಎರಡರ ರೀಡಿಂಗೂ ಫೋಟೋ ತೆಗ್ದಿಟ್ಕೊಳ್ಳಿ. ಮೊದಲ ಬಿಲ್ಲಿನ ಜೊತೆ ತಾಳೆ ನೋಡೋಕೆ ಬೇಕಾಗುತ್ತೆ.

ಕಲ್ಪತರು ನಾಡಿನವ:

ಎಲ್ಲಾ ಹಿರಿಯರಿಗೂ ಸ್ನೇಹಿತರಿಗೂ ಧನ್ಯವಾದ. ಈವತ್ತು ಬ್ಯಾಂಕಿಗೆ ಹೋಗಿದ್ದೆ, ಅಮ್ಮ ಅರ್ಜಿದಾರರು ನಾನು ಜೊತೆಗೆ ಅಂದ್ರೆ ಪರಿಶೀಲಿಸ್ತೀವಿ, ಸಂಬಳದ ಸ್ಲಿಪ್ ತನ್ನಿ ಅಂದಿದಾರೆ. ಹಾಗಾಗಿ ಖಾತೆ ಅಮ್ಮನ ಹೆಸರಿಗೇ ಮಾಡ್ಸೋದು ಅಂತ ತೀರ್ಮಾನ ಆಯ್ತು, ಅಕ್ಕನೂ ಖುಷಿಯಾಗಿ ಒಪ್ಪಿದಾಳೆ. 2 ಕಿಲೋವ್ಯಾಟ್ ಸಾಕು ಅಂತಾನೂ ಆಯ್ತು. ಓಟಿಪಿ ಕೇಳಿದ ಡೀಲರ್‌ಗೆ ಈಗ ಬೇಡ ಅಂತ ಹೇಳ್ದೆ.

ಕೊನೇದಾಗಿ ಒಂದು ಡೌಟು. ಅಮ್ಮನ ಆಧಾರ್‌ನಲ್ಲಿ ಅಪ್ಪನ ಹೆಸರು ಸೇರ್ಸಿ ಪೂರ್ತಿ ಇದೆ, ಪಾಸ್‌ಬುಕ್‌ನಲ್ಲಿ ಬರೀ ಅಮ್ಮನ ಹೆಸರಷ್ಟೇ ಇದೆ. ಬಿಲ್ಲಿನಲ್ಲಿ ಯಾವ್ದು ಬರ್ಸೋದು?

ನಿವೃತ್ತ ಪವರ್‌ಮ್ಯಾನ್:

ಆಧಾರ್‌ನಲ್ಲಿ ಇರೋದನ್ನೇ ಬರ್ಸಿ, ಪಾಸ್‌ಬುಕ್‌ನ ಬ್ಯಾಂಕಲ್ಲಿ ಕೆವೈಸಿ ಕೊಟ್ಟು ಅದಕ್ಕೆ ತಕ್ಕಂಗೆ ತಿದ್ದಿಸಿ, ಅದು ಬೇಗ ಆಗುತ್ತೆ. ನಗರಸಭೇಲಿ ಖಾತೆ ಅರ್ಜಿ ಬರೆಯುವಾಗ್ಲೂ ಅದೇ ಹೆಸರು, ಅದೇ ಸ್ಪೆಲ್ಲಿಂಗ್, ಕನ್ನಡದಲ್ಲೂ ಇಂಗ್ಲಿಷಲ್ಲೂ. ಅಮ್ಮನ ಆಧಾರ್ ಜೆರಾಕ್ಸ್ ಒಂದು ಜೇಬಲ್ಲಿ ಇಟ್ಕೊಂಡೇ ಹೋಗಿ, ಬರ್ಕೊಳ್ಳೋರ ಮುಂದೆ ಇಟ್ಟು ಬರ್ಸಿ.